ಲೀಟರು ಬೇರೆ, ಕಿಲೋ ಬೇರೆ: ಸಾಪೇಕ್ಷ ಸಾಂದ್ರತೆಯ ಲೆಕ್ಕ



ಕಾಫಿ ಹೂವು ಮುಗಿದ ಮೇಲೆ ತುಡುವೆ ಪೆಟ್ಟಿಗೆಗಳಿಂದ ಜೇನು ತೆಗೆದು ಮಾರುವವರು ನಮ್ಮಲ್ಲಿ ಹಲವರಿದ್ದಾರೆ. ಕೊಳ್ಳುವವರು ಕಿಲೋ ದರ ಹೇಳಿ ಲೀಟರಿನಲ್ಲಿ ಅಳೆದುಕೊಂಡರೆ ನಷ್ಟ ಯಾರಿಗೆ, ಎಷ್ಟು? ಇದನ್ನು ತಿಳಿಯಲು ಹೈಸ್ಕೂಲಿನಲ್ಲಿ ಓದಿ ಮರೆತ ಪಾಠವೊಂದು ಸಾಕು.

ಒಂದು ವಸ್ತುವಿನ ತೂಕವನ್ನು ಅಷ್ಟೇ ಗಾತ್ರದ ನೀರಿನ ತೂಕದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಅದರ ಸಾಪೇಕ್ಷ ಸಾಂದ್ರತೆ. ನೀರಿನದು 1. ಇದಕ್ಕೆ ಗ್ರಾಂ, ಲೀಟರು ಎಂಬ ಮಾನವಿಲ್ಲ, ಬರೀ ಸಂಖ್ಯೆ.

ಅಳೆಯಲು ಒಂದು ಬಾಟ್ಲಿ, ಒಂದು ತಕ್ಕಡಿ ಇದ್ದರಾಯಿತು. ಬಾಟ್ಲಿಯ ಕುತ್ತಿಗೆಯಲ್ಲಿ ಒಂದು ಗುರುತು ಹಾಕಿ. ಖಾಲಿ ಬಾಟ್ಲಿ 400 ಗ್ರಾಂ, ಗುರುತಿನವರೆಗೆ ನೀರು ತುಂಬಿದಾಗ 1150 ಗ್ರಾಂ ತೂಗಿತೆನ್ನಿ. ನೀರು 750 ಗ್ರಾಂ. ಬಾಟ್ಲಿಯನ್ನು ಚೆನ್ನಾಗಿ ಒಣಗಿಸಿ ಅದೇ ಗುರುತಿಗೆ ಜೇನು ತುಂಬಿ. ಈಗ 1450 ಗ್ರಾಂ ಬಂದರೆ ಜೇನು 1050 ಗ್ರಾಂ. 1050ನ್ನು 750ರಿಂದ ಭಾಗಿಸಿ: 1.40. ನೊರೆ ಇಳಿದ ಮೇಲೆಯೇ ತೂಗಬೇಕು; ನೀರೂ ಜೇನೂ ಒಂದೇ ಉಷ್ಣತೆಯಲ್ಲಿರಬೇಕು.

ಅಂದರೆ ಈ ಜೇನು ಲೀಟರಿಗೆ 1 ಕಿಲೋ 400 ಗ್ರಾಂ. ಕಿಲೋಗೆ 400 ರೂಪಾಯಿ ಎಂದು ಇಟ್ಟುಕೊಂಡರೆ, ಕಿಲೋ ದರಕ್ಕೆ ಲೀಟರು ಕೊಟ್ಟವರಿಗೆ ಪ್ರತಿ ಲೀಟರಿಗೂ 160 ರೂಪಾಯಿ ಖೋತಾ. ಇದು ಸಣ್ಣ ಮೊತ್ತವಲ್ಲ.

ಇದೇ ಸಂಖ್ಯೆ ಜೇನು ಎಷ್ಟು ಗಟ್ಟಿಯೆಂದೂ ಹೇಳುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮಾನದಂಡದಲ್ಲಿ 27 ಡಿಗ್ರಿ ಉಷ್ಣತೆಯಲ್ಲಿ ಕನಿಷ್ಠ 1.35 ಎಂದಿದೆ. ಅಷ್ಟಕ್ಕೇ ಸಮಾಧಾನ ಬೇಡ. ತೇವಾಂಶ ಶೇಕಡಾ 20 ಇರುವ ಜೇನು ಸುಮಾರು 1.41 ಬರುತ್ತದೆ, ಮೇಲಿನ ಉದಾಹರಣೆಯ ಜೇನೇ ತುಸು ತೆಳು. ಮೇಣದ ಮುಚ್ಚಳ ಬೀಳದ ಎರಿಗಳಿಂದ ಅವಸರದಲ್ಲಿ ತೆಗೆದರೆ ಜೇನಿನಲ್ಲಿ ನೀರು ಹೆಚ್ಚಿದ್ದು ಹುಳಿ ಬರುತ್ತದೆ. ಆದರೆ ಸಕ್ಕರೆ ಪಾಕ ಬೆರೆಸಿದ್ದನ್ನು ಈ ಪರೀಕ್ಷೆ ಹಿಡಿಯಲಾರದು. ಪಾಕವನ್ನೂ ಜೇನಿನಷ್ಟೇ ಗಟ್ಟಿ ಮಾಡಬಹುದಲ್ಲ!

ತೋಟದಲ್ಲಿ ಲೆಕ್ಕವಿಲ್ಲದೆಯೂ ನಾವು ಇದನ್ನು ಬಳಸುತ್ತಲೇ ಇದ್ದೇವೆ. ಪಲ್ಪರಿಗೆ ಹಾಕುವ ಮುನ್ನ ಕಾಫಿ ಹಣ್ಣನ್ನು ನೀರಿಗೆ ಸುರಿದಾಗ ಮುಳುಗಿದ್ದು 1ಕ್ಕಿಂತ ಹೆಚ್ಚು, ತೇಲಿದ್ದು ಕಡಿಮೆ. ಜೊಳ್ಳು ಹಾಗೆ ಬೇರೆಯಾಗುತ್ತದೆ. ಬಿತ್ತನೆ ಅಡಿಕೆಯಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ: ಹಣ್ಣಡಿಕೆ ನೀರಿನಲ್ಲಿ ತೊಟ್ಟಿನ ಭಾಗ ಮೇಲಾಗಿ ನೆಟ್ಟಗೆ ತೇಲಿದರೆ ಅದನ್ನು ಆರಿಸಿ, ಅಡ್ಡಡ್ಡ ತೇಲಿದ್ದನ್ನು ಬಿಡಿ.

ಕಾಳುಮೆಣಸಿನ ಲೀಟರ್ ತೂಕವನ್ನು ಮಾತ್ರ ಇದರೊಂದಿಗೆ ಬೆರೆಸಬೇಡಿ. ಲೀಟರಿಗೆ 550 ಗ್ರಾಂ ಎಂದರೆ ಮೆಣಸಿನ ಸಾಪೇಕ್ಷ ಸಾಂದ್ರತೆ 0.55 ಎಂದಲ್ಲ. ಆ ಲೀಟರಿನಲ್ಲಿ ಕಾಳುಗಳ ನಡುವಿನ ಗಾಳಿಯೂ ಸೇರಿದೆ. ಆದ್ದರಿಂದಲೇ ಪಾತ್ರೆಯನ್ನು ಕುಟ್ಟಿ ತುಂಬಿದರೆ ಒಂದು ತೂಕ, ಸಡಿಲವಾಗಿ ಸುರಿದರೆ ಇನ್ನೊಂದು. ಮಾರುವಾಗ ಹೇಗೆ ತುಂಬುತ್ತಾರೆಂದು ಎದುರಿಗೇ ನಿಂತು ನೋಡಿ.