ಪ್ರೋಗ್ರಾಂ ಸರಿಯಾಗಿದ್ದರೂ ವಿವರಣೆ ಏಕೆ?

ಪ್ರಶ್ನೆ: ಮಗಳು ಏಳನೇ ತರಗತಿ. ಶಾಲೆಯಲ್ಲಿ ಸ್ಕ್ರಾಚ್‌ ಎಂಬ ಕೋಡಿಂಗ್ ಭಾಷೆಯಲ್ಲಿ ಪ್ರಾಜೆಕ್ಟ್ ಮಾಡಿದ್ದಾಳೆ. ಚೆನ್ನಾಗಿಯೇ ರನ್ ಆಗುತ್ತದೆ. ಆದರೂ ಎಲ್ಲರೆದುರು ನಿಂತು ವಿವರಿಸಬೇಕಂತೆ, ಎಲ್ಲಿ ತಪ್ಪಿತು, ಹೇಗೆ ಸರಿಮಾಡಿದೆ ಎಂದು ಬರೆದು ಕೊಡಬೇಕಂತೆ. ಸುಮ್ಮನೆ ಕಾಲಹರಣವಲ್ಲವೇ?
– ಒಬ್ಬ ಪಾಲಕರು, ಶಹಾಪುರ, ಬೆಳಗಾವಿ

ಉತ್ತರ: ಅಲ್ಲ. ಪ್ರೋಗ್ರಾಂ ಅರ್ಥಮಾಡಿಕೊಂಡು ಬರೆದದ್ದೋ, ಯೂಟ್ಯೂಬ್ ನೋಡಿ ಜೋಡಿಸಿದ್ದೋ ಎಂಬುದು ಪರದೆ ನೋಡಿದರೆ ತಿಳಿಯುವುದಿಲ್ಲ, ಮಗು ಬಾಯಿಬಿಟ್ಟರೇ ತಿಳಿಯುವುದು.

ನಿಮ್ಮದು ನೇಕಾರರ ಪೇಟೆ, ಸೀರೆಯ ಅಂಚು ಬಿಡಿಸುವ ಪ್ರೋಗ್ರಾಂ ಅನ್ನೇ ತೆಗೆದುಕೊಳ್ಳೋಣ. ಹೂವಿಗೆ ಆರು ಎಸಳು, ಎಸಳಿಗೊಮ್ಮೆ 60 ಡಿಗ್ರಿ ತಿರುವು. ಹೂವು ಮುಗಿದ ಮೇಲೆ ಮುಂದೆ ಸರಿದು ಮತ್ತೊಂದು ಹೂವು. ಈಗ ಎಂಟು ಎಸಳು ಮಾಡು ಎನ್ನಿ. ತಿಳಿದ ಮಗು 360ನ್ನು ಎಂಟರಿಂದ ಭಾಗಿಸಿ ತಿರುವನ್ನು 45ಕ್ಕೆ ಇಳಿಸುತ್ತದೆ. ನಕಲು ಮಾಡಿದ ಮಗು ಆರನ್ನಷ್ಟೇ ಎಂಟು ಮಾಡುತ್ತದೆ. ಆಗ ಎರಡು ಎಸಳು ಹಳೆಯವುಗಳ ಮೇಲೆಯೇ ಬೀಳುತ್ತವೆ, ಪ್ರತಿ ಹೂವಿಗೂ ದಿಕ್ಕು 120 ಡಿಗ್ರಿ ಹೊರಳಿ ನೆಟ್ಟಗಿರಬೇಕಾದ ಅಂಚು ತ್ರಿಕೋನ ಸುತ್ತುತ್ತದೆ. ಜಕಾರ್ಡ್ ಮಗ್ಗದಲ್ಲಿ ಬುಟ್ಟಾ ಕೆಟ್ಟರೆ ನೇಕಾರರು ಯಾವ ಕಾರ್ಡಿನ ತೂತು ತಪ್ಪಿತೆಂದು ಹುಡುಕುವಂತೆ, ಈ ತ್ರಿಕೋನ ಎಲ್ಲಿಂದ ಬಂತೆಂದು ಹುಡುಕುವುದೇ ಕಲಿಕೆ. ಶಾಲೆ ಬರೆಯಿಸುತ್ತಿರುವುದು ಅದನ್ನೇ.

ಈ ವಿಚಾರ ಹೊಸದೇನಲ್ಲ. 1967ರಲ್ಲಿ ಮಕ್ಕಳಿಗಾಗಿ ಲೋಗೋ ಭಾಷೆ ರೂಪಿಸಿದವರಲ್ಲೊಬ್ಬರಾದ ಸೀಮೋರ್ ಪೇಪರ್ಟ್, ಪ್ರೋಗ್ರಾಂನಲ್ಲಿ ತಪ್ಪಾದರೆ ನಾಚಬೇಕಿಲ್ಲ, ಏನಾಯಿತೆಂದು ನೋಡಿ ತಿದ್ದಬೇಕು ಎಂದು 1980ರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ವಾದಿಸಿದರು. ಅವರ ಹಾದಿಯಲ್ಲೇ ನಡೆದ ಮಿಚೆಲ್ ರೆಸ್ನಿಕ್ ಅವರ ಎಂಐಟಿ ತಂಡ 2007ರಲ್ಲಿ ಸ್ಕ್ರಾಚ್ ಹೊರತಂದಿತು. ಕಲ್ಪಿಸು, ಮಾಡು, ಆಡು, ಹಂಚಿಕೋ, ಮರಳಿ ಯೋಚಿಸು – ಇದು ರೆಸ್ನಿಕ್ ಹೇಳುವ ಕಲಿಕೆಯ ಸುತ್ತು. ಪ್ರೋಗ್ರಾಂ ರನ್ ಆದಾಗ ಕೊನೆಯ ಎರಡು ಹಂತ ಇನ್ನೂ ಬಾಕಿ. ನಿಮ್ಮ ಬೆಳಗಾವಿಯಲ್ಲೇ ಕೇಂದ್ರ ಕಚೇರಿಯಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಕೂಡ ಎಂಜಿನಿಯರಿಂಗ್ ಕೊನೆಯ ವರ್ಷದವರಿಗೆ ಪ್ರಾಜೆಕ್ಟ್ ಜೊತೆ ವೈವಾ (ಮೌಖಿಕ ಪರೀಕ್ಷೆ) ಇಟ್ಟಿದೆ.

ಒಂದು ಎಚ್ಚರಿಕೆ. ಇಂಗ್ಲಿಷ್ ಭಾಷಣ ಉರು ಹೊಡೆಸಬೇಡಿ. ಮನೆಯಲ್ಲಿ ಕನ್ನಡವೋ ಮರಾಠಿಯೋ, ಅದರಲ್ಲೇ ಮೊದಲು ಹೇಳಲಿ. ನೀವು ಕೋಡಿಂಗ್ ಕಲಿತಿರಬೇಕಿಲ್ಲ; ಈ ಮೂರು ಕೇಳಿದರೆ ಸಾಕು: ಮೊದಲು ಏನು ಅಂದುಕೊಂಡಿದ್ದೆ? ಎಲ್ಲಿ ಸಿಕ್ಕಿಬಿದ್ದೆ? ಈ ಸಂಖ್ಯೆ ಬದಲಿಸಿದರೆ ಏನಾಗುತ್ತದೆ? ಮೂರನೆಯದಕ್ಕೆ ಉತ್ತರ ಹೇಳಿ, ಆಮೇಲೆ ಬದಲಿಸಿ ತೋರಿಸಲಿ. ಹೇಳಿದ್ದಕ್ಕೂ ಆದದ್ದಕ್ಕೂ ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು, ಬರೆದು ಕೊಡಲು ವಿಷಯ ಸಿಕ್ಕಿತು.