ಮೊದಲು ಮಕ್ಕಳ ಹಾಡು ಕೇಳು, ತಂಗಿ

ಸಂಗೀತದ ಸೀನಿಯರ್ ಪರೀಕ್ಷೆ ಪಾಸಾಗಿದೆ, ಇನ್ನು ಕಾಖಂಡಕಿಯಂಥ ಊರಿನ ಸಣ್ಣ ಮಕ್ಕಳಿಗೆ ಹಾಡು ಕಲಿಸಿಯೇ ಬದುಕು ಕಟ್ಟಿಕೊಳ್ಳುತ್ತೇನೆ ಅಂತೀಯಲ್ಲ ತಂಗಿ, ಸಂತೋಷ. ಹೊಟ್ಟೆಯ ಮಾತು ಮೊದಲು ಮುಗಿಸೋಣ. ಹಾಡಿನ ಮಾತು ಆಮೇಲೆ.

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಸಂಗೀತಕ್ಕೆಂದೇ ಹುದ್ದೆ ಸಿಗುವುದು ಅಪರೂಪ. 2009ರ ಶಿಕ್ಷಣ ಹಕ್ಕು ಕಾಯ್ದೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಅನ್ನುತ್ತದೆ. ಆದರೆ ಅದು ಆರರಿಂದ ಎಂಟನೇ ತರಗತಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರಾಥಮಿಕ ಹಂತಕ್ಕೇ ಸಂಗೀತ ಶಿಕ್ಷಕರ ಹುದ್ದೆಯುಂಟು. ಅದಕ್ಕೆ ಸಂಗೀತದ ಪದವಿ ಬೇಕು, ಪೈಪೋಟಿಗೆ ಇಡೀ ದೇಶವೇ ಬರುತ್ತದೆ. ಆ ಬಾಗಿಲನ್ನೂ ತಟ್ಟು, ಆದರೆ ಅದೊಂದನ್ನೇ ನಂಬಿ ಕೂರಬೇಡ. ಡಿ.ಇಎಲ್.ಇಡಿ. ಮುಗಿಸಿ ಟಿಇಟಿ ಬರೆ. ಸಾಮಾನ್ಯ ವರ್ಗಕ್ಕೆ 150ಕ್ಕೆ 90 ಅಂಕ ಬೇಕು. ಗಣಿತ, ಪರಿಸರ ಎಲ್ಲ ಕಲಿಸುವ ಅಕ್ಕೋರಾಗಿಯೇ ಶಾಲೆಯೊಳಗೆ ಕಾಲಿಡು. ಜೊತೆಜೊತೆಗೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳನ್ನು ಕಟ್ಟುತ್ತಾ ವಿಶಾರದವರೆಗೆ ಹೋಗು. ಕಾಯುವ ವರ್ಷಗಳಲ್ಲಿ ವಿಜಯಪುರದಲ್ಲಿ ಸಂಜೆಯ ಪಾಠ ಹೇಳಿದರೆ ಕೈಖರ್ಚಿಗೂ ಆಯಿತು, ಕಲಿಸುವ ಕೈಯೂ ಪಳಗಿತು.

ತರಗತಿಯ ಅಕ್ಕೋರಾದರೆ ಸಂಗೀತ ಮೂಲೆ ಸೇರುತ್ತದೆ ಅಂತ ಹೆದರಬೇಡ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಈಗ ಒಂದರಿಂದ ಮೂರನೇ ತರಗತಿಯವರೆಗೆ ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲೆಲ್ಲ ಇದೆ. ಅಲ್ಲಿ ಹಾಡಿಲ್ಲದೆ ಪಾಠ ಮುಂದೆ ಸಾಗುವುದಿಲ್ಲ. ವಾರಕ್ಕೊಂದು ಪೀರಿಯಡ್ ಸಿಗುವ ಸಂಗೀತ ಮಾಸ್ತರಿಗಿಂತ ದಿನವಿಡೀ ಮಕ್ಕಳ ಜೊತೆಗಿರುವ ಅಕ್ಕೋರಿಗೆ ಹಾಡಿಸುವ ಅವಕಾಶ ಹೆಚ್ಚು.

ಇನ್ನು ಹಾಡಿನ ಮಾತು. ಮಕ್ಕಳು ನಿನ್ನ ಮುಂದೆ ಖಾಲಿ ಕೈಯಲ್ಲಿ ಬಂದು ಕೂರುವುದಿಲ್ಲ. ಒಬ್ಬನ ಮನೆಯಲ್ಲಿ ಡೊಳ್ಳಿನ ಪದ, ಇನ್ನೊಬ್ಬಳ ಮನೆಯಲ್ಲಿ ಸೋಬಾನ, ಮತ್ತೊಬ್ಬನ ಓಣಿಯಲ್ಲಿ ಮೊಹರಮ್ಮಿನ ರಿವಾಯತ್, ಗುಡಿಯಲ್ಲಿ ಭಜನೆ. ಕಾಖಂಡಕಿಯೇ ಮಹಿಪತಿದಾಸರ ಊರು. 1611ರಿಂದ 1681ರವರೆಗೆ ಬಾಳಿದ ಅವರು ಆದಿಲಶಾಹಿ ದರಬಾರಿನ ಚಾಕರಿ ಬಿಟ್ಟು, ಸಾರವಾಡದ ಭಾಸ್ಕರಸ್ವಾಮಿಗಳ ಶಿಷ್ಯರಾಗಿ, ಕನ್ನಡದ ಜೊತೆಗೆ ಮರಾಠಿ, ಹಿಂದೂಸ್ತಾನಿಯಲ್ಲೂ ಪದ ಕಟ್ಟಿದವರು. ಜನ ಆಡುವ ನುಡಿಯಲ್ಲೆಲ್ಲ ಹಾಡಿದವರ ಊರಿನಲ್ಲಿ ಒಂದೇ ಬಗೆಯ ಹಾಡನ್ನು ಶಾಲೆಯ ಹಾಡು ಅಂತ ಹೇರಿದರೆ ಚೆಂದವೇ?

ಈ ಕೆಲಸಕ್ಕೆ ಹಾದಿ ಹಾಕಿಕೊಟ್ಟ ಹಿರಿಯರು ನಮ್ಮ ಜಿಲ್ಲೆಯಲ್ಲೇ ಇದ್ದರು. ಸಿಂಪಿ ಲಿಂಗಣ್ಣನವರು ಕನ್ನಡ ಶಾಲೆಯ ಮಾಸ್ತರು. ಅವರು, ಮಧುರಚೆನ್ನರು ಮತ್ತಿತರ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಬೀಸುವ ಕಲ್ಲಿನ ಮುಂದೆ ಕೂತವಳಲ್ಲಿ ಕಲಿಯುವುದಿದೆ ಅಂತ ಆ ಓದಿದವರಿಗೆ ಅನಿಸಿತ್ತು. ನಿನಗೂ ಅನಿಸಲಿ. ಅಜ್ಜಿಯ ಹಾಡನ್ನು ಶಾಲೆಯಲ್ಲಿ ಅಕ್ಕೋರು ಕೇಳಿ ಕಲಿತರು ಅಂತ ಗೊತ್ತಾದ ಮಗು, ನಾಳೆ ನೀನು ಹೇಳುವ ಭೂಪಾಲಿಯನ್ನೂ ಮನಸ್ಸಿಟ್ಟು ಕೇಳುತ್ತದೆ.

ಸರಿಗಮವನ್ನು ಮೊದಲ ದಿನವೇ ಹಲಗೆಯ ಮೇಲೆ ಬರೆಯಬೇಡ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆ. ಪಂಚಾಕ್ಷರಿ ಗವಾಯಿಗಳಿಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಗುರು ಹಾಡಿದ್ದನ್ನು ಶಿಷ್ಯ ಕೇಳಿ, ತಿರುಗಿ ಹಾಡಿಯೇ ಅಲ್ಲಿ ವಿದ್ಯೆ ಬೆಳೆಯಿತು. ಆರು ವರ್ಷದ ಮಗುವಿಗೂ ಅದೇ ದಾರಿ: ನೀನು ಒಂದು ಸಾಲು ಹಾಡು, ಅದು ಹಾಡಲಿ. ಹೆಸರು, ಬರಹ ಎಲ್ಲ ಆಮೇಲೆ.

ಶ್ರುತಿಯ ಬಗ್ಗೆ ಎಚ್ಚರ. ನೀನು ಕರಿ ನಾಲ್ಕರಲ್ಲಿ ಹಾಡಿ ರೂಢಿಯಾದವಳು, ನಿನ್ನ ಮಂದ್ರ ಮಕ್ಕಳಿಗೆ ಎಟುಕದು. ಷಡ್ಜವನ್ನು ಬಿಳಿ ಒಂದಕ್ಕೋ ಕರಿ ಒಂದಕ್ಕೋ ಏರಿಸಿಕೊಂಡು, ಒಂದು ಸಪ್ತಕದೊಳಗೆ ಮುಗಿಯುವ ಹಾಡು ಆರಿಸು. ಸ್ವರ ಕೂಡದ ಮಗುವಿಗೆ ‘ನಿನಗೆ ಹಾಡು ಬರಲ್ಲ, ಸುಮ್ಮನಿರು’ ಅಂತ ಯಾವತ್ತೂ ಹೇಳಬೇಡ. ಆ ವಯಸ್ಸಿನಲ್ಲಿ ಕಿವಿ, ಗಂಟಲು ಇನ್ನೂ ಹೊಂದಿಕೊಳ್ಳುತ್ತಿರುತ್ತವೆ. ಅಂಥ ಮಗುವನ್ನು ಚೆನ್ನಾಗಿ ಹಾಡುವವರ ನಡುವೆ ಕೂರಿಸು, ಕೈಯಲ್ಲಿ ತಾಳ ಕೊಡು. ಗದ್ದಲದ ಮೇಲೆ ಕೂಗಿ ನಿನ್ನ ಗಂಟಲನ್ನೂ ಕೆಡಿಸಿಕೊಳ್ಳಬೇಡ. ಚಪ್ಪಾಳೆಯ ಒಂದು ಲಯ ಗುರುತು ಮಾಡಿಟ್ಟರೆ ಅದಕ್ಕೇ ತರಗತಿ ಸುಮ್ಮನಾಗುತ್ತದೆ.

ಬೆಳಗಿನ ಪ್ರಾರ್ಥನೆ ನಿನ್ನ ದೊಡ್ಡ ತರಗತಿ. 2022ರ ಆದೇಶದ ಪ್ರಕಾರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ. ಆ ಎರಡೂವರೆ ನಿಮಿಷ ಇಡೀ ಶಾಲೆ ಒಂದೇ ಶ್ರುತಿಯಲ್ಲಿ ನಿಲ್ಲುವಂತೆ ಮಾಡು, ಹೆಡ್‌ಮಾಸ್ತರು ತಾವಾಗಿಯೇ ನಿನಗೆ ಇನ್ನೊಂದು ಪೀರಿಯಡ್ ಹುಡುಕಿ ಕೊಡುತ್ತಾರೆ. ಪ್ರತಿಭಾ ಕಾರಂಜಿ ಬಂದಾಗ ಇಬ್ಬರು ಜಾಣರನ್ನು ತಯಾರಿಸಿ ಉಳಿದವರನ್ನು ಮರೆಯುವ ಚಾಳಿ ಎಲ್ಲ ಕಡೆ ಇದೆ. ಬಹುಮಾನ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಹಿಂದಿನ ಸಾಲಿನ ಹುಡುಗ ಬಾಯಿ ಬಿಟ್ಟು ಹಾಡಿದನೋ ಇಲ್ಲವೋ ಅನ್ನುವುದರ ಮೇಲೆ ನಿನ್ನ ವರ್ಷದ ಲೆಕ್ಕ ಹಾಕಿಕೊ.

ನೌಕರಿ ಸಿಕ್ಕ ಮೊದಲ ವಾರ ಹಾರ್ಮೋನಿಯಂ ಒಯ್ಯಬೇಡ. ಒಂದು ನೋಟ್‌ಬುಕ್ ಒಯ್ಯಿ. ‘ನಿಮ್ಮ ಮನೆಯಲ್ಲಿ ಯಾರು ಹಾಡ್ತಾರ, ಯಾವ ಹಾಡು?’ ಅಂತ ಒಬ್ಬೊಬ್ಬರನ್ನೂ ಕೇಳಿ ಬರೆದುಕೊ. ಮುಂದಿನ ವರ್ಷದ ಪಾಠವೆಲ್ಲ ಅದರಿಂದಲೇ ಹುಟ್ಟುತ್ತದೆ.