ಮಂಡಿನೋವು ಹೋಯಿತು, ಸೂಜಿ ಇನ್ನೂ ಏಕೆ?

ಪ್ರಶ್ನೆ: ಡಾಕ್ಟರೇ, ಮಗಳಿಗೆ 11 ವರ್ಷ. ಹೋದ ವರ್ಷ ಜ್ವರ ಬಂದು ಮೊದಲು ಮಂಡಿ, ಆಮೇಲೆ ಕಾಲಿನ ಹರಡು ಊದಿಕೊಂಡವು. ರುಮ್ಯಾಟಿಕ್ ಜ್ವರ ಎಂದರು. ಎಕೋ ಮಾಡಿ, ಹೃದಯದ ಕವಾಟ ಸ್ವಲ್ಪ ಸೋರುತ್ತಿದೆ ಎಂದೂ ಹೇಳಿದರು. ಈಗ ಆಡಿಕೊಂಡು ಚೆನ್ನಾಗಿದ್ದಾಳೆ. ಆದರೂ ಮೂರು ವಾರಕ್ಕೊಮ್ಮೆ ಕೂಲಿ ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಬೇಕು. ನಿಲ್ಲಿಸಬಹುದೇ?
– ಒಬ್ಬ ತಾಯಿ, ರಾಯಚೂರು ಜಿಲ್ಲೆ

ಉತ್ತರ: ಖಂಡಿತ ನಿಲ್ಲಿಸಬೇಡಿ. ಮಂಡಿ ತಾನಾಗಿಯೇ ವಾಸಿಯಾಗುತ್ತದೆ, ಸೂಜಿ ಹೃದಯಕ್ಕಾಗಿ.

ಈ ಕಾಯಿಲೆಯ ಬೇರು ಗಂಟಲಲ್ಲಿದೆ. ಸ್ಟ್ರೆಪ್ಟೊಕಾಕಸ್ ರೋಗಾಣುವಿನಿಂದ ಗಂಟಲು ನೋವು ಬಂದು ಎರಡು–ಮೂರು ವಾರಗಳಾದ ಮೇಲೆ, ಅದನ್ನು ಎದುರಿಸಲು ದೇಹ ಹುಟ್ಟಿಸಿಕೊಂಡ ಪ್ರತಿಕಾಯಗಳು ಕೆಲವು ಮಕ್ಕಳಲ್ಲಿ ಹೃದಯದ ಮೇಲೇ ತಿರುಗಿಬೀಳುತ್ತವೆ. 5ರಿಂದ 15 ವರ್ಷದವರಲ್ಲಿ ಇದು ಹೆಚ್ಚು. ಮತ್ತೆ ಅದೇ ಸೋಂಕು ತಗುಲಿದರೆ ಗಾಯಗೊಂಡ ಕವಾಟಕ್ಕೆ ಮತ್ತೊಂದು ಪೆಟ್ಟು. ಸೂಜಿಯಲ್ಲಿ ಕೊಡುವ ಬೆಂಜಥೀನ್ ಪೆನಿಸಿಲಿನ್ ವಾರಗಟ್ಟಲೆ ಮೈಯಲ್ಲಿ ಉಳಿದು ಆ ಸೋಂಕನ್ನೇ ತಡೆಯುತ್ತದೆ. ಕವಾಟಕ್ಕೆ ಪೆಟ್ಟಾಗಿರುವವರಿಗೆ ಕನಿಷ್ಠ 10 ವರ್ಷ ಇದು ಬೇಕು. ಹಾನಿ ಹೆಚ್ಚಿದ್ದರೆ 40ನೇ ವಯಸ್ಸಿನವರೆಗೂ.

ಯುರೋಪಿನಲ್ಲಿ ಪೆನಿಸಿಲಿನ್ ಬರುವ ಮೊದಲೇ ಈ ಜ್ವರ ಇಳಿಮುಖವಾಗಿತ್ತು. ಮನೆಗಳಲ್ಲಿ ಜನಸಂದಣಿ ತಗ್ಗಿದ್ದು ಅದಕ್ಕೆ ದೊಡ್ಡ ಕಾರಣ. ಭಾರತದಲ್ಲಿ, ಆಫ್ರಿಕಾದ ಹಲವು ದೇಶಗಳಲ್ಲಿ ಇಂದಿಗೂ ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುತ್ತಾರೆ. ಒಂದು ಮಗುವಿನ ಕೆಮ್ಮು ಎಲ್ಲರಿಗೂ. ಗಂಟಲು ನೋವೆಂದರೆ ಉಪ್ಪುನೀರು, ಕಷಾಯದಲ್ಲೇ ಮುಗಿಯುತ್ತದೆ. ಒಂಬತ್ತು ದಿನದೊಳಗೆ ಪೆನಿಸಿಲಿನ್ ಶುರುಮಾಡಿದ್ದರೆ ಜ್ವರವನ್ನೇ ತಪ್ಪಿಸಬಹುದಿತ್ತು! ಅಗ್ಗದ ಈ ಔಷಧಿ ಎಷ್ಟೋ ಕಡೆ ದಾಸ್ತಾನಿರುವುದಿಲ್ಲ. ಅಪರೂಪದ ಅಲರ್ಜಿಗೆ ಹೆದರಿ ಕೆಲವು ಕ್ಲಿನಿಕ್‌ಗಳು ಹಾಕುವುದೂ ಇಲ್ಲ.

ಬಡತನ ಪೂರ್ತಿ ನೀಗುವವರೆಗೆ ಕಾಯಬೇಕಿಲ್ಲ. ಕ್ಯೂಬಾದ ಪಿನಾರ್ ಡೆಲ್ ರಿಯೊ ಪ್ರಾಂತ್ಯದಲ್ಲಿ 1986ರಿಂದ ಹತ್ತು ವರ್ಷ ಜನರಿಗೆ ತಿಳಿವಳಿಕೆ ಕೊಟ್ಟು, ರೋಗಿಗಳ ಪಟ್ಟಿ ಇಟ್ಟು, ತಪ್ಪದೆ ಸೂಜಿ ಹಾಕಿದರು. ಹೊಸ ಪ್ರಕರಣಗಳು ಬಹಳ ಕಡಿಮೆಯಾದವು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಈ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಕಿರಿದಾಗಿರುವುದು ಎಷ್ಟೋ ಸಲ ಬಸುರಿಯಾದಾಗಲೇ, ಏದುಸಿರು ಶುರುವಾದ ಮೇಲೆ ಗೊತ್ತಾಗುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ಬಲೂನ್ ಚಿಕಿತ್ಸೆಯಿಂದ ಅದನ್ನು ಹಿಗ್ಗಿಸುತ್ತಾರೆ, ನಿಜ. ಆದರೆ ಸೂಜಿ ತಪ್ಪಿಸದಿದ್ದರೆ ನಿಮ್ಮ ಮಗಳು ಅಲ್ಲಿಯವರೆಗೆ ಹೋಗಬೇಕಾಗಲಿಕ್ಕಿಲ್ಲ.

ತಾಲ್ಲೂಕು ಆಸ್ಪತ್ರೆಯ ವೈದ್ಯರಿಂದ ಚೀಟಿ ಬರೆಸಿಕೊಂಡು, ನಿಮ್ಮೂರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸೂಜಿ ಹಾಕುತ್ತಾರೆಯೇ ವಿಚಾರಿಸಿ, ಕೂಲಿ ಉಳಿದೀತು. ಮುಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಡಿ.